ಅಚ್ಚಿನ ಅಂಚಿನ ಕೈ

"ತಡಿಯಪ್ಪಾ, ತಡಿ! ಆ ತಿರುಪು ಬಿಗೀಬೇಡ!"

ಶವಪೆಟ್ಟಿಗೆಯ ಮುಚ್ಚಳಕ್ಕೆ ಬಡಗಿ ಎರಡು ತಿರುಪು ಬಿಗಿದು ಮೂರನೆಯದಕ್ಕೆ ಕೈಹಾಕಿದ್ದ. ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದವನು ಈನಕ್. ತೀರಿಕೊಂಡ ಜೇಬೆಜನ ಪಕ್ಕ ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ನಗೆಪತ್ರಿಕೆಗೆ ಮರದ ಅಚ್ಚು ಕೆತ್ತಿದವನು. ಅವನ ಕೋಟಿನ ಜೇಬು ಇಲಿ ನುಂಗಿದ ಹಾವಿನಂತೆ ಉಬ್ಬಿತ್ತು.

"ಬರೋ ಹೊತ್ತಾ ಇದು?" ಎಂದಳು ಪಕ್ಕದ ಮನೆಯ ಡಾರ್ಕಸ್. "ಸತ್ತೋನೇ ಸರಿಯಾದ ಹೊತ್ತಿಗೆ ರೆಡಿಯಾಗಿದಾನೆ. ಬದುಕಿರೋ ನಿಂಗೇನೋ ಧಾಡಿ?"

ಈನಕ್ ಅವಳತ್ತ ನೋಡಲಿಲ್ಲ. ಜೇಬೆಜನ ಹೆಂಡತಿ ಕೆಜಾಯಳ ಮುಂದೆ ಟೋಪಿ ತೆಗೆದು ನಿಂತ. "ಅತ್ತಿಗೆ, ಇದು ಅಣ್ಣನ ಜೊತೆ ಹೋಗ್ಬೇಕು."

ಅಂಗೈಯಗಲದ ಮರದ ತುಂಡು, ಶಾಯಿ ಕುಡಿದು ಕಪ್ಪಾಗಿತ್ತು. ಕೆಜಾಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಬ್ಬ ಹೆಂಗಸು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ. ಈಟಿಯಂತೆ ಎತ್ತಿದ ಕೊಡೆ, ಒಲೆಯಂತೆ ತೆರೆದ ಬಾಯಿ.

ಅವಳ ಮುಖ ಕಲ್ಲಾಯಿತು. "ಒಲೆಗೆ ಹಾಕು ಇದನ್ನ."

*

ಇಪ್ಪತ್ತು ವರ್ಷದ ಹಿಂದಿನ ಮೇ ತಿಂಗಳು. ಲಂಡನ್ನಿನ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದ ಕಾಲ. ಅವರ ದುಡ್ಡಿದ್ದ, ಬೀದಿಯ ಕೊನೆಯಲ್ಲಿನ ಬ್ಯಾಂಕೂ ಮುಳುಗಿತೆಂದು ಒಂದು ಪತ್ರಿಕೆ ಬೆಳಗಾಗುತ್ತಲೇ ಕೂಗಿತು. ಕೆಜಾಯಾ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿ, ಕೈಚೀಲವನ್ನು ಮೊಳಕೈಗೆ ಸಿಕ್ಕಿಸಿಕೊಂಡು ಓಡಿದಳು. ನೂಕುನುಗ್ಗಲಲ್ಲಿ ಇನ್ನೇನು ಕಾಲಡಿಗೆ ಬೀಳಬೇಕು, ಅಷ್ಟರಲ್ಲಿ ಜೇಬೆಜ್ ಬಂದು ಅವಳ ಮೊಳಕೈ ಹಿಡಿದ. ಸಂಜೆಯ ತನಕ ಬಿಡಲಿಲ್ಲ.

ಬ್ಯಾಂಕು ಮುಳುಗಿರಲಿಲ್ಲ, ಸುದ್ದಿ ಸುಳ್ಳಾಗಿತ್ತು.

ಮುಂದಿನ ವಾರ ನಗೆಪತ್ರಿಕೆಯ ದೊಡ್ಡ ಚಿತ್ರ ಅಂಗಡಿಯ ಕಿಟಕಿಯಲ್ಲಿ ತೂಗಿತು. ಡೊಳ್ಳುಹೊಟ್ಟೆಯ ಪತ್ರಿಕೆಯವನೊಬ್ಬ ತುತ್ತೂರಿ ಊದುತ್ತಿದ್ದಾನೆ. ಅವನ ಇನ್ನೊಂದು ಕೈ ಕಿರುಚುವ ಹೆಂಗಸೊಬ್ಬಳ ಚೀಲಕ್ಕೆ ಬಿದ್ದಿದೆ. ಊರಿಗೆ ಊರೇ ನಕ್ಕಿತು. ಪ್ರಾರ್ಥನಾಮಂದಿರದ ಬಾಗಿಲಲ್ಲೂ, "ಏನಮ್ಮಾ ಕೆಜಾಯಾ, ಇನ್ನೊಂದು ಬೂಟು ಸಿಕ್ತಾ?" ಎಂದು ಕೇಳಿದರು.

"ಇದನ್ನ ಕೆತ್ತಿದ್ದು ಯಾರು?" ಎಂದು ಅವಳು ಗಂಡನನ್ನು ಕೇಳಿದಳು.

"ಆ ಹೆಂಗಸನ್ನ ಕೆತ್ತಿದ್ದು ನಾನೇ," ಎಂದು ಅವನು ತಲೆ ತಗ್ಗಿಸಿದ.

ಅವಳು ಮತ್ತೆ ಕೇಳಲಿಲ್ಲ. ಆ ಭಾನುವಾರದಿಂದ ಪ್ರಾರ್ಥನೆಗೆ ಹೋಗುವಾಗ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು.

*

"ಒಲೆಗೆ ಹಾಕೋದಾದ್ರೆ ಹಾಕಿ. ಅದಕ್ಕೂ ಮೊದ್ಲು ಅಂಚು ನೋಡಿ, ಅತ್ತಿಗೆ," ಎಂದ ಈನಕ್.

ನೋಡಬಾರದೆಂದುಕೊಂಡೇ ನೋಡಿದಳು. ಅಂಚಿನಲ್ಲಿ ಒಂದು ಕೈ, ಚೀಲ ತೂಗಿದ್ದ ಆ ಹೆಂಗಸಿನ ಬಲ ಮೊಳಕೈಯ ಮೇಲೆ. ಮಣಿಕಟ್ಟಿಗೇ ಮರ ಮುಗಿದಿತ್ತು.

"ಪತ್ರಿಕೆಯೋನು ಎಲ್ಲಿ?"

"ಅವನಿದ್ದದ್ದು ನನ್ನ ತುಂಡಲ್ಲಿ." ಈನಕ್ ಟೋಪಿಯನ್ನು ಹಿಂಡುತ್ತಿದ್ದ. "ನಿಮಗೆ ಗೊತ್ತಲ್ಲ, ದೊಡ್ಡ ಚಿತ್ರ ಅಂದ್ರೆ ಹತ್ತಾರು ತುಂಡು ಬಿಗಿದ ಹಲಗೆ. ಚಿತ್ರಗಾರ ಬರೆದ್ಮೇಲೆ ಬಿಚ್ಚಿ, ಆಳಿಗೊಂದು ತುಂಡು ಕೊಡ್ತಾರೆ. ಹಿನ್ನೆಲೆಯ ಜನಜಂಗುಳಿ ಅವನು ಸುಮ್ನೆ ಗೀಚಿರ್ತಾನೆ, ಮುಖ ತುಂಬೋದು ನಮ್ಮಿಷ್ಟ. ಅಣ್ಣ ನಿಮ್ಮನ್ನ ಕೆತ್ತಿದ, ಹಿಡಿದಿದ್ದ ತನ್ನ ಕೈಯನ್ನೂ ಕೆತ್ತಿದ. ತನ್ನ ಮೈಯನ್ನ ನನ್ನ ತುಂಡಿನ ಮೇಲೆ ಪೆನ್ಸಿಲಲ್ಲಿ ಗುರುತು ಮಾಡಿದ್ದ. ನಾನು ಹೊಸಬ. ನನ್ನ ತೋಳು ತಾಗಿ ಅದು ಉಜ್ಜಿಹೋಯ್ತು. ತುಂಡು ಜೋಡಿಸಿ ನೋಡಿದ್ರೆ ಕೈಯೊಂದೇ ಕಾಣ್ತಿದೆ, ಪಕ್ಕದಲ್ಲಿ ಚೀಲ. ಕಳ್ಳನ ಕೈ ಅಂದ್ಕೊಂಡು ಪತ್ರಿಕೆಯೋನ ತೋಳಿಗೆ ಸೇರಿಸ್ಬಿಟ್ಟೆ."

ಬಡಗಿಯೂ ಹತ್ತಿರ ಬಂದು ತುಂಡಿನತ್ತ ಬಗ್ಗಿ ನೋಡಿದ.

"ಸಂಪಾದಕರು ಮೇಜು ಕುಟ್ಟಿ ನಕ್ರು. 'ಯಾರ ಬುದ್ಧಿ ಇದು?' ಅಂತ ಕೇಳಿ ಅವತ್ತೇ ನನ್ನ ಕೆಲಸ ಕಾಯಂ ಮಾಡಿದ್ರು. ಅಣ್ಣ ಒಂದ್ಸಲ ನನ್ನ ಮುಖ ನೋಡಿದ, ಅಷ್ಟೇ. ಹೇಳಿದ್ರೆ ನನ್ನ ರೊಟ್ಟಿ ಹೋಗ್ತಿತ್ತು."

"ನನಗಾದ್ರೂ ಹೇಳ್ಬಾರದಿತ್ತಾ?"

"ನಿಂಗಾ?" ಎಂದಳು ಡಾರ್ಕಸ್. "ಭಾನುವಾರದ ಹೊತ್ತಿಗೆ ಪಾದ್ರಿಗಳ ಬಾಯಲ್ಲಿರ್ತಿತ್ತು."

ಕೆಜಾಯಾ ಬೆರಳಿನಿಂದ ಆ ಗೆರೆಗಳನ್ನು ತಡವಿದಳು. ದೇವರು ಕತ್ತಲೆಯಿಂದ ಬೆಳಕನ್ನು ಬಿಡಿಸಿದ ಹಾಗೆಯೇ ನಮ್ಮ ಕಸುಬು ಎಂದು ಅವನು ಹೇಳುತ್ತಿದ್ದ. ತೆಗೆದದ್ದು ಬೆಳಕು, ಉಳಿದದ್ದು ಕತ್ತಲೆ. ಒಂದೊಂದೇ ಬೆರಳು ಎಣಿಸಿದಳು. ತೋರುಬೆರಳಿಗೆ ತುದಿಯಿರಲಿಲ್ಲ.

"ಮುಚ್ಚಳ ತೆಗೀರಿ."

ಬಡಗಿ ಗೊಣಗುತ್ತ ತಿರುಪು ಬಿಚ್ಚಿದ. ಉಳಿ ಜಾರಿ ತುದಿ ಕಳೆದುಕೊಂಡ ಆ ಬೆರಳು ಎದೆಯ ಮೇಲೆ ತಣ್ಣಗೆ ಮಲಗಿತ್ತು. ಅವಳು ಮರದ ಬೆರಳನ್ನೂ ಅದನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ತುಂಡನ್ನು ಅವನ ಅಂಗೈ ಕೆಳಗೆ ಸೇರಿಸಿದಳು.

"ಈಗ ಬಿಗಿಯಪ್ಪಾ."

ಬೀದಿಯಲ್ಲಿ ಪೆಟ್ಟಿಗೆ ಹೆಗಲೇರಿತು. ಈನಕ್ ತೋಳು ಚಾಚಿದ. "ಹಿಡ್ಕೊಳ್ಳಿ ಅತ್ತಿಗೆ, ನೆಲ ಜಾರುತ್ತೆ."

ಅವಳು ಹಿಡಿಯಲಿಲ್ಲ. ಮರದಲ್ಲಿ ಕಂಡಂತೆ ಬಲ ಮೊಳಕೈಯನ್ನು ಮೈಯಿಂದ ತುಸು ಆಚೆ ಸರಿಸಿ ಹೆಜ್ಜೆ ಇಟ್ಟಳು. ಥಟ್ಟನೆ ನಿಂತಳು. ಅಚ್ಚಿನಲ್ಲಿ ಎಡ ಬಲವಾಗಿರುತ್ತದೆ, ಬಲ ಎಡವಾಗಿರುತ್ತದೆ. ಕೆತ್ತುವವನ ಹೆಂಡತಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

ಎಡ ಮೊಳಕೈಯಲ್ಲಿದ್ದ ಚೀಲವನ್ನು ಬಲಕ್ಕೆ ಸಿಕ್ಕಿಸಿಕೊಂಡಳು. ಖಾಲಿಯಾದ ಎಡ ಮೊಳಕೈಯನ್ನು ಹೊರಚಾಚಿ, ಪೆಟ್ಟಿಗೆಯ ಹಿಂದೆ ನಿಧಾನವಾಗಿ ನಡೆದಳು. ಸ್ಮಶಾನ ಮುಟ್ಟುವ ತನಕ ಆ ಪಕ್ಕಕ್ಕೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ.