ನನ್ನ ಜಾಗದಲ್ಲಿ ನಿಂತ ಪುಟ

ನಾನು ಒಂದು ಪುಟ. ಪುಸ್ತಕದ್ದಲ್ಲ, ಜಾಲತಾಣದ್ದು. ನೀವು ಹುಡುಕಿಕೊಂಡು ಬಂದದ್ದು ಇಲ್ಲದಿದ್ದಾಗ ‘ಈ ಪುಟ ಸಿಗಲಿಲ್ಲ’ ಎಂದು ಎದುರಾಗುತ್ತದಲ್ಲ, ಅದು ನಾನೇ. ನನ್ನನ್ನು ಕಂಡು ಖುಷಿಪಟ್ಟವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ನನ್ನ ಸಿಟ್ಟೇ ಬೇರೆ, ಅದನ್ನು ಹೇಳಿಯೇ ತೀರುತ್ತೇನೆ.

ನಾನು ಹುಟ್ಟಿದ್ದು ಧಾರವಾಡದ ಒಂದು ಅಂಧರ ಗ್ರಂಥಾಲಯದಲ್ಲಿ, ಆಫೀಸಿನ ಮೂಲೆಯ ಕಂಪ್ಯೂಟರಿನೊಳಗೆ. ಅವರ ಜಾಲತಾಣವೆಲ್ಲ ಅದರಲ್ಲೇ ಇತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರನ್ನು ಹೊಂದಿಸುವುದು ಆ ಗ್ರಂಥಾಲಯದ ದೊಡ್ಡ ಕೆಲಸ. ವಿದ್ಯಾರ್ಥಿ ಹೇಳುತ್ತ ಹೋಗಬೇಕು, ಜೊತೆಗೆ ಕೂತವರು ಬರೆಯುತ್ತ ಹೋಗಬೇಕು. ಅದಕ್ಕೆ ಅರ್ಜಿ ಹಾಕುವ ವಿಳಾಸವನ್ನು ದಪ್ಪ ಹಾಳೆಯ ಮೇಲೆ ಬ್ರೈಲ್ ಚುಕ್ಕಿಗಳಲ್ಲಿ ಒತ್ತಿ ನಾನೂರು ಮಂದಿಗೆ ಅಂಚೆಯಲ್ಲಿ ಕಳಿಸಿದ್ದರು. ಮರುವರ್ಷ ಜಾಲತಾಣವನ್ನು ಹೊಸದಾಗಿ ಕಟ್ಟಿದರು, ವಿಳಾಸ ಬದಲಾಗಿಹೋಯಿತು. ನಾನೂರು ಹಾಳೆ ಮತ್ತೆ ಒತ್ತಬೇಕೇ ಎಂದು ಗುಮಾಸ್ತೆ ಸುನಂದಾ ತಲೆ ಮೇಲೆ ಕೈ ಹೊತ್ತು ಕೂತರು.

ಬ್ರೈಲ್ ಕಲಿಸುವ ವೀರಭದ್ರ ಮಾಸ್ತರರು ನಕ್ಕರು. ಅವರಿಗೂ ಕಣ್ಣು ಕಾಣದು. “ಹಾಳಿ ಒತ್ತೋದು ಬ್ಯಾಡ್ರಿ. ಹಳೇ ವಿಳಾಸಕ್ಕ ಬಂದವರಿಗೆ ಹೇಳಾಕ ಅಲ್ಲೇ ಒಂದು ಪುಟ ನಿಲ್ಲಸೂಣು” ಎಂದರು.

ಅವರು ಹೇಳಿದರು, ಸುನಂದಾ ಟೈಪ್ ಮಾಡಿದರು. ನನ್ನ ಮೈಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಇರುವುದು ಮೂರೇ ವಾಕ್ಯ: ‘ನೀವು ಹುಡುಕುವ ಪುಟ ಇಲ್ಲಿಲ್ಲ. ನಿಮ್ಮದೇನೂ ತಪ್ಪಿಲ್ಲ, ವಿಳಾಸ ಬದಲಾಗಿದೆ. ಈ ನಂಬರಿಗೆ ಫೋನ್ ಮಾಡಿ, ಸುನಂದಾ ಎತ್ತುತ್ತಾರೆ.’ ಕಣ್ಣು ಕಾಣದವರ ಫೋನಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ದನಿಯೊಂದು ಇರುತ್ತದೆ. ಅದು ನನ್ನನ್ನು ಎಲ್ಲಿಯೂ ತೊದಲದೆ ಓದುತ್ತಿತ್ತು.

ನಾಲ್ಕು ವರ್ಷ ನಾನು ನಿಯತ್ತಾಗಿ ನಿಂತೆ. ದಿನಕ್ಕೆ ಎರಡೋ ಮೂರೋ ಫೋನ್ ಬರುತ್ತಿದ್ದವು. ಒಂದು ದಸರೆ ಕಳೆದ ಮೇಲೆ ಅವು ಕಡಿಮೆಯಾಗುತ್ತ ಬಂದವು. “ಮಂದಿಗೆಲ್ಲ ಹೊಸಾ ವಿಳಾಸ ಬಾಯಿಪಾಠ ಆಗೇದ ಬಿಡ್ರಿ” ಎಂದು ಸುನಂದಾ ಸಮಾಧಾನಪಟ್ಟರು. ನಾನೂ ಹಾಗೇ ನಂಬಿದೆ. ಎಂಥ ಪೆದ್ದು ನಾನು!

ಜೂನ್ ತಿಂಗಳ ಒಂದು ಬೆಳಿಗ್ಗೆ ಗದಗದಿಂದ ಶಾಂಭವಿ ಎಂಬವಳು ಬಂದಳು. ಬಿ.ಎ. ಕೊನೆಯ ವರ್ಷದ ಹುಡುಗಿ, ಹುಟ್ಟಿನಿಂದ ಕಣ್ಣಿಲ್ಲ. ಒಳಗೆ ಬಂದವಳೇ ಕೋಲನ್ನು ಮೇಜಿಗೆ ಕುಕ್ಕಿದಳು.

“ನನಗ ಬರಿಯೋರನ್ನ ಯಾಕ ಕಳಸಲಿಲ್ಲ, ಅಕ್ಕಾರ? ಮೂರು ತಾಸು ಸುಮ್ಮನ ಕುಂತು ಖಾಲಿ ಹಾಳಿ ಕೊಟ್ಟು ಬಂದೆ. ಎಲ್ಲಾ ಉತ್ತರ ಬರ್ತಿದ್ವು ನನಗ!”

ಸುನಂದಾ ಗಾಬರಿಯಾದರು. “ನಿನ್ನ ಅರ್ಜಿನ ಬಂದಿಲ್ಲಲ್ಲವಾ.”

“ಹಾಕೇನ್ರಿ. ಇಷ್ಟು ದಿನ ಕಾಲೇಜಿನವರ ಬರಿಯೋರನ್ನ ಕೊಡ್ತಿದ್ರು, ಇತಿಹಾಸಕ್ಕ ಯಾರೂ ಸಿಗಲಿಲ್ಲ. ನೀವು ಕೊಟ್ಟ ಬ್ರೈಲ್ ಹಾಳಿ ನೋಡೇ ಹಾಕೇನಿ. ಆಮ್ಯಾಲೆ ಫೋನೂ ಬಂತು. ಹನ್ನೆರಡನೇ ತಾರೀಖು ಪರೀಕ್ಷಾ ಐತಿ, ಬರ್ತಾರಲ್ಲಾ ಅಂದೆ. ‘ಖಂಡಿತ ಮೇಡಂ, ಪೂರ್ತಿ ಸಪೋರ್ಟ್ ಇರುತ್ತದೆ’ ಅಂದ್ರು.”

ಮಾಸ್ತರರು ಎದ್ದು ಬಂದರು. ಆ ವಿಳಾಸವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆಗೆಸಿದರು. ನಾನು ಬಂದೆ, ನನ್ನ ಮೂರು ವಾಕ್ಯ ಹೇಳಿದೆ. ಅದೇ ವಿಳಾಸವನ್ನು ಶಾಂಭವಿ ತನ್ನ ಫೋನಿನಲ್ಲಿ ತೆಗೆದಳು. ಅಲ್ಲಿ ನಾನು ಬರಲಿಲ್ಲ. ಅವಳ ಫೋನಿನ ದನಿ ಓದತೊಡಗಿತು: “ಚಿತ್ರ. ಬಟನ್. ಚಿತ್ರ. ಪರೀಕ್ಷೆಗೆ ಸಹಾಯ ಬೇಕೇ? ಹೆಸರು. ಮೊಬೈಲ್ ನಂಬರ್. ಅರ್ಜಿ ಸಲ್ಲಿಸಿ.”

ಅದು ಯಾವುದೋ ಕೋಚಿಂಗ್ ಕ್ಲಾಸಿನ ಜಾಹೀರಾತು. ಅವಳ ಫೋನಿಗೆ ಇಂಟರ್ನೆಟ್ ಕೊಡುವ ಕಂಪನಿಯವರು ದಾರಿಯಲ್ಲೇ ನನ್ನನ್ನು ತಡೆದು, ನನ್ನ ಜಾಗದಲ್ಲಿ ತಮ್ಮ ಪುಟವನ್ನು ತಂದು ನಿಲ್ಲಿಸಿದ್ದರು. ವಿಳಾಸದಲ್ಲಿ ‘ಪರೀಕ್ಷೆ’ ಎಂದಿತ್ತಲ್ಲ, ಅದಕ್ಕೆ ಹೊಂದುವ ಗಿರಾಕಿ ಎಂದುಕೊಂಡಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಇಲ್ಲದ್ದನ್ನು ಇಲ್ಲ ಎನ್ನುವುದು ನನ್ನ ಕೆಲಸ. ಇಡೀ ಜಾಲತಾಣದಲ್ಲಿ ಅಷ್ಟೊಂದು ಸರಳ ಕೆಲಸ ಇನ್ನೊಂದಿಲ್ಲ. ಅದನ್ನೂ ಕಿತ್ತುಕೊಂಡು, ಇಲ್ಲದ್ದನ್ನು ಇದೆ ಎಂದು ಒಬ್ಬ ಹುಡುಗಿಯ ಕಿವಿಯಲ್ಲಿ ಹೇಳಿದರಲ್ಲ, ಇವರಿಗೆ ಮನುಷ್ಯರನ್ನು ಕಂಡರೆ ಏನೂ ಅನ್ನಿಸುವುದಿಲ್ಲವೇ? ನಾನೂರು ಹಾಳೆಯಲ್ಲಿ ಇನ್ನೆಷ್ಟು ಮಂದಿ ಹೀಗೆ ಮೋಸಹೋಗಿದ್ದಾರೋ!

ಮಾಸ್ತರರು ಕಂಪನಿಗೆ ಫೋನ್ ಮಾಡಿದರು. ಒಂಬತ್ತು ಒತ್ತಿ, ಎರಡು ಒತ್ತಿ, ಅರ್ಧ ತಾಸು ಸಂಗೀತ ಕೇಳಿದ ಮೇಲೆ ಒಬ್ಬ ಸಿಕ್ಕ.

“ಸರ್, ಅದು ಗ್ರಾಹಕರ ಅನುಕೂಲಕ್ಕಾಗಿ ಕೊಟ್ಟಿರೋ ಸೌಲಭ್ಯ. ಖಾಲಿ ಪುಟ ನೋಡಿ ಅವರಿಗೆ ಬೇಜಾರಾಗಬಾರದು ಅಂತ.”

“ಅದು ಖಾಲಿ ಪುಟ ಅಲ್ಲೋ ಮಾರಾಯಾ, ನಾ ಬರದದ್ದು!” ಎಂದು ಮಾಸ್ತರರು ಕೂಗಿದರು. ಅವರ ದನಿ ಅಷ್ಟು ಏರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಫೋನಿಟ್ಟರು. ಶಾಂಭವಿಯ ಕಡೆ ತಿರುಗಿ, “ನಂದ ತಪ್ಪವಾ. ಹಾಳಿ ಮತ್ತ ಒತ್ತಿಸಬೇಕಿತ್ತು” ಎಂದರು. ಇತಿಹಾಸ ಪತ್ರಿಕೆ ಹೋಗಿತ್ತು, ಬಿ.ಎಡ್. ಸೇರುವುದು ಒಂದು ವರ್ಷ ಮುಂದಕ್ಕೆ ಹೋಗಿತ್ತು.

ಆಮೇಲೆ ನಡೆಯಬೇಕಾದದ್ದೆಲ್ಲ ನಡೆಯಿತು. ಬಲ್ಲವರನ್ನು ಕರೆಸಿ, ದಾರಿಯಲ್ಲಿ ಯಾರೂ ಕೈಹಾಕದಂತೆ ಜಾಲತಾಣಕ್ಕೆ ಬೀಗ ಹಾಕಿಸಿದರು. ಹೊಸ ವಿಳಾಸದ ಹಾಳೆಗಳನ್ನು ಒತ್ತಿಸಿ ಕಳಿಸಿದರು. ನನ್ನ ಜಾಗ ನನಗೆ ವಾಪಸು ಸಿಕ್ಕಿತು.

ಮರುಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಶಾಂಭವಿ ಮತ್ತೆ ಬಂದಳು. “ಇಷ್ಟಕ್ಕ ಬಸ್ ಹತ್ತಿ ಬಂದಿಯಾ? ಫೋನಿನಾಗ ಅರ್ಜಿ ಹಾಕಬಹುದಿತ್ತಲ್ಲವಾ. ಈಗ ಎಲ್ಲಾ ಬರೋಬ್ಬರಿ ಆಗೇತಿ, ಹಳೇ ವಿಳಾಸನೂ ತಗದು ಕೇಳು” ಎಂದರು ಸುನಂದಾ. ಅವಳು ಒಲ್ಲದ ಮನಸ್ಸಿನಿಂದ ಹಳೇ ವಿಳಾಸ ತೆಗೆದಳು. ಮೊದಲ ಸಲ ನಾನು ಅವಳ ಕೈಯಲ್ಲಿದ್ದೆ. ‘ನಿಮ್ಮದೇನೂ ತಪ್ಪಿಲ್ಲ’ ಎಂಬಲ್ಲಿಯವರೆಗೆ ಕೇಳಿ, ಫೋನ್ ಮುಚ್ಚಿಬಿಟ್ಟಳು.

“ಆ ಕೋಚಿಂಗಿನವರೂ ಫೋನಿನಾಗ ಹಿಂಗ ಛಲೋ ಮಾತಾಡಿದ್ರು, ಅಕ್ಕಾರ. ನೀವ ನನ್ನ ಮುಂದ ಬರಕೋರಿ.”

ಸುನಂದಾ ಪೆನ್ನು ತೆಗೆದು ಅವಳ ಹೆಸರು, ಪರೀಕ್ಷೆಯ ದಿನ ಬರೆದುಕೊಂಡು, ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಬರೆಯಲು ಬರುವವಳಿಗೆ ಅಲ್ಲೇ ಫೋನ್ ಹಚ್ಚಿ ಮಾತಾಡಿಸಿದರು. ಶಾಂಭವಿ ಇತಿಹಾಸ ಪಾಸಾದಳು, ಈಗ ಬಿ.ಎಡ್. ಓದುತ್ತಿದ್ದಾಳೆ.

ನನಗೀಗ ವಯಸ್ಸಾಯಿತು. ಹಳೇ ವಿಳಾಸಕ್ಕೆ ಬರುವವರು ತಿಂಗಳಿಗೊಬ್ಬರೂ ಇಲ್ಲ. ಶಾಂಭವಿ ಮಾತ್ರ ಪರೀಕ್ಷೆ ಬಂದಾಗಲೆಲ್ಲ ಗದಗದಿಂದ ಎರಡು ತಾಸು ಬಸ್ಸಿನಲ್ಲಿ ಬಂದು, ಸುನಂದಾ ಬರೆದುಕೊಳ್ಳುವ ತನಕ ಎದುರಿಗೆ ನಿಂತು, ಎರಡು ತಾಸು ವಾಪಸು ಹೋಗುತ್ತಾಳೆ. ಅವಳ ಫೋನು ಜೇಬಿನಲ್ಲೇ ಇರುತ್ತದೆ. ನಾನೂ ಅಲ್ಲೇ ಇದ್ದೇನೆ, ನಿಜವನ್ನೇ ಹೇಳುತ್ತೇನೆ. ಅವಳು ಕೇಳುವುದಿಲ್ಲ.