ನಾಲ್ಕನೇ ಥಿಯೇಟರಿನ ವಾಟ

ನಲವತ್ತು ವರ್ಷ ಮಂಡಿಯೂರಿ ಬಾಳಿದವರು ಅವರು. ದೇವರ ಮುಂದಲ್ಲ, ಕಂಡವರ ಮನೆಯ ನೆಲದ ಮುಂದೆ. ಟೈಲ್ಸ್ ಹಾಕುವುದು ಅವರ ಕಸುಬು. ಅವರು ಹಾಸಿದ ನೆಲದ ಮೇಲೆ ಗೋಲಿ ಬಿಟ್ಟರೆ, ಎತ್ತ ಹೋಗಬೇಕೆಂದು ತಿಳಿಯದೆ ಅದು ಬಿಟ್ಟಲ್ಲೇ ನಿಲ್ಲುತ್ತಿತ್ತಂತೆ. ಹಾಗಾಗಿ ಮಟ್ಟ ನೋಡುವ ಸಲಕರಣೆಯ ಹೆಸರೇ ಅವರಿಗೆ ಅಂಟಿಕೊಂಡು, ಎಲ್ಲರ ಬಾಯಲ್ಲೂ ಅವರು ರಸಮಟ್ಟದಜ್ಜ.

ಕೆಲಸ ಬಿಟ್ಟ ಮೇಲೆ ಅಜ್ಜನಿಗೆ ಉಳಿದಿದ್ದು ಒಂದೇ ಆಸೆ. ಇಷ್ಟು ಕಾಲ ಸಿಮೆಂಟಿಗೆ ಬಗ್ಗಿದ ಮಂಡಿಯನ್ನು ಇನ್ನಾದರೂ ದೇವರಿಗೆ ಬಗ್ಗಿಸಬೇಕು. ದೇವರು ತಾಳ್ಮೆಯವನು, ಕಾದಿದ್ದ. ಮಂಡಿ ಕಾಯಲಿಲ್ಲ. ಬಲಗಾಲಿನ ಕೀಲು ಸವೆದು ಮೂಳೆಗೆ ಮೂಳೆ ತಾಗತೊಡಗಿತು. ಕುರ್ಚಿಯಲ್ಲಿ ಕೂತು ಕೈ ಮುಗಿದರೆ ಅದು ಪ್ರಾರ್ಥನೆ ಅನ್ನಿಸದೆ, ಬಸ್ಸಿಗೆ ಕಾದು ಕೂತ ಹಾಗೆ ಅನ್ನಿಸುತ್ತಿತ್ತು.

ಕೊನೆಗೆ ಅಜ್ಜಿಯೇ ಅವರನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಮಂಡಿ ಬದಲಿಸುವುದಕ್ಕೆ ರೋಬೋಟ್ ಇತ್ತು. ಬಾಗಿಲಲ್ಲಿ, ಲಿಫ್ಟಿನಲ್ಲಿ, ಕೈ ತೊಳೆಯುವ ಕಡೆಯಲ್ಲೂ ಅದರದೇ ಚಿತ್ರ. ಕೈಗೆ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ‘ಅರ್ಧ ಮಿಲಿಮೀಟರ್ ಕೂಡ ತಪ್ಪದು’ ಎಂಬ ಮಾತು ಹನ್ನೊಂದು ಸಲ ಇತ್ತು. ಅಜ್ಜ ಎಣಿಸಿದ್ದರು. ಅಳತೆಯ ಮನುಷ್ಯರಲ್ಲವೇ, ಅವರಿಗೆ ಗೌರವ ಹುಟ್ಟಿತು. ಒಪ್ಪಿ ಸಹಿ ಹಾಕಿದರು. ಆಮೇಲೆ, “ಎಲ್ಲಿ ಮಾಡ್ತೀರಿ?” ಎಂದು ಸಹಿ ಹಾಕಿಸಿಕೊಂಡವಳನ್ನು ಕೇಳಿದರು.

“ನಾಲ್ಕನೇ ಆಪರೇಷನ್ ಥಿಯೇಟರಲ್ಲಿ ತಾತ.”

ಅಜ್ಜನ ಮುಖ ಹಾಸದ ಟೈಲಿನಂತೆ ಬಿಳಿಚಿಕೊಂಡಿತು.

ಯಾಕೆಂದರೆ ನಾಲ್ಕನೇ ಥಿಯೇಟರಿನ ನೆಲ ಹಾಸಿದ್ದು ಅವರೇ. ಹತ್ತೊಂಬತ್ತು ವರ್ಷದ ಹಿಂದೆ. ಇಂಜಿನಿಯರು ಸಮಮಟ್ಟ ಇರಲಿ ಎಂದಿದ್ದರು. ಅಜ್ಜ ತಲೆಯಾಡಿಸಿದ್ದರು. ಆದರೆ ಮಟ್ಟಕ್ಕೆ ದಾರ ಕಟ್ಟುವಾಗ, ಇಲ್ಲಿ ರಕ್ತ ಬೀಳುತ್ತೆ, ಯಾರೋ ಹೆಂಗಸು ದಿನಾ ಬಗ್ಗಿ ತೊಳೀಬೇಕಲ್ಲ ಅನ್ನಿಸಿತು. ತೊಳೆಯುವ ನೆಲಕ್ಕೆ ನೀರು ಹರಿಯುವಷ್ಟು ಇಳಿಜಾರು, ಅಂದರೆ ವಾಟ, ಕೊಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಹತ್ತಡಿಗೆ ಅರ್ಧ ಇಂಚು ಕೊಟ್ಟೇಬಿಟ್ಟರು. ಇಂಜಿನಿಯರು ಬಂದು, ಬಾಗಿಲಲ್ಲೇ ನಿಂತು, ನೆಲ ಹೊಳೆಯುವುದು ಕಂಡು ಸಹಿ ಹಾಕಿ ಹೋದರು.

“ಅರ್ಧ ಮಿಲಿಮೀಟರಿನ ಯಂತ್ರವನ್ನ ಅರ್ಧ ಇಂಚಿನ ಇಳಿಜಾರಲ್ಲಿ ನಿಲ್ಲಿಸಿದ್ದಾರೆ ಕಣೆ,” ಎಂದು ಅಜ್ಜಿಯ ಕಿವಿಯಲ್ಲಿ ಉಸುರಿದರು.

“ಹೋಗಿ ಹೇಳ್ರೀ ಮತ್ತೆ!”

“ರಸಮಟ್ಟ ಅಂತ ಕರೀತಾರೆ ನನ್ನ. ಮಾನ ಹೋಗುತ್ತೆ.”

“ಮಾನ ಇಟ್ಕೊಂಡು ಮಂಡಿ ಕೊಡ್ತೀರಾ? ಕಾಲು ಸೊಟ್ಟ ಕೂತರೆ ದೇವರಿಗೆ ಪಕ್ಕಕ್ಕೆ ತಿರುಗಿ ಕೈ ಮುಗೀರಿ.”

ಅಜ್ಜ ನೇರವಾಗಿ ಹೇಳಲಾರದೆ ಸುತ್ತುಬಳಸಿ ಕೇಳತೊಡಗಿದರು. ನರ್ಸನ್ನು ಕೇಳಿದರು, “ನೆಲ ಮಟ್ಟ ಇದೆಯಾ ತಾಯಿ?” ಆಕೆ ಕೌಂಟರಿನಲ್ಲಿ ವಿಚಾರಿಸಲು ಹೇಳಿದಳು. ಕೌಂಟರಿನವನು, “ಅದು ಪ್ಯಾಕೇಜಲ್ಲಿ ಬರಲ್ಲ” ಎಂದ. ಧೈರ್ಯ ಹೇಳಲೆಂದೇ ನೇಮಿಸಿದ್ದ ಒಬ್ಬಾಕೆ ಅರ್ಧ ಗಂಟೆ ಅಜ್ಜನ ಕೈ ಹಿಡಿದು ಕೂತು, ‘ರೋಗಿಗೆ ಬೀಳುವ ಭಯ’ ಎಂದು ಬರೆದುಕೊಂಡಳು. ಆ ಬರಹದ ಫಲವಾಗಿ ಮಂಚದ ಎರಡೂ ಬದಿಗೆ ಕಂಬಿ ಬಂತು.

ಮರುದಿನ ಬೆಳಿಗ್ಗೆ ಅವರನ್ನು ತಳ್ಳಿಕೊಂಡು ಥಿಯೇಟರಿಗೆ ಒಯ್ದರು. ಅಜ್ಜ ಮೊದಲು ನೋಡಿದ್ದು ನೆಲವನ್ನು. ಹತ್ತೊಂಬತ್ತು ವರ್ಷವಾದರೂ ಒಂದು ಟೈಲೂ ಎದ್ದಿರಲಿಲ್ಲ. ಆಮೇಲೆ ಯಂತ್ರವನ್ನು ನೋಡಿದರು. ಬೆಳ್ಳಗೆ, ಎತ್ತರಕ್ಕೆ, ಒಂಟಿ ತೋಳು ಮಡಿಸಿಕೊಂಡು, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ನಿಂತಿತ್ತು. ಅದರ ಚಕ್ರಕ್ಕೆ ಒತ್ತಿಕೊಂಡು ಒಂದು ಕಾಲು ಇತ್ತು. ವಾರ್ಡಿನ ಕೆಲಸದವನ ಕಾಲು.

“ನೀನ್ಯಾಕಪ್ಪ ಹೀಗೆ ನಿಂತಿದ್ದೀಯ?”

“ಇದೇ ನನ್ನ ಡ್ಯೂಟಿ ತಾತ. ಎರಡು ವರ್ಷ ಆಯ್ತು. ಬ್ರೇಕ್ ಹಾಕಿದ್ರೂ ಆ ಮೂಲೆ ಕಡೆ ಸರಿಯುತ್ತೆ ಇದು. ಸರಿದ್ರೆ ತಾನೇ ನಿಂತುಬಿಡುತ್ತೆ, ಮತ್ತೆ ಮೊದಲಿಂದ ಅಳತೆ ಹಾಕ್ಬೇಕು. ಅದಕ್ಕೇ ಕಾಲು ಕೊಟ್ಟಿರೋದು.”

ಅಜ್ಜ ಕಣ್ಣು ಮುಚ್ಚಿದರು. ದೇವರೇ, ನನ್ನ ಮಂಡಿಯ ಜೊತೆಗೆ ಈ ಬಡಪಾಯಿಯ ಪಾದವನ್ನೂ ನಾನೇ ತಿಂದೆನಲ್ಲ. ಕಣ್ಣು ತೆರೆದಾಗ ಆಪರೇಷನ್ ಮಾಡುವ ಡಾಕ್ಟ್ರಮ್ಮ ಎದುರಿಗಿದ್ದರು.

“ಡಾಕ್ಟ್ರಮ್ಮ, ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಈ ನೆಲಕ್ಕೆ ವಾಟ ಇದೆ. ಕೊಟ್ಟಿದ್ದು ನಾನೇ. ಯಾರೂ ಕೇಳಿರಲಿಲ್ಲ.”

ಡಾಕ್ಟ್ರಮ್ಮ ನಿಧಾನಕ್ಕೆ, ಪಕ್ಕದಲ್ಲಿ ನಿಂತಿದ್ದ ಯಂತ್ರದ ಕಂಪನಿಯವನ ಕಡೆ ತಿರುಗಿದರು.

“ನೀವು ಮೂರು ಸಲ ಬಂದು ಏನು ಅಂತ ರಿಪೋರ್ಟ್ ಬರೆದಿರಿ?”

“ಯಂತ್ರಕ್ಕೆ ಹೊಸ ಜಾಗ ಒಗ್ಗಿಲ್ಲ ಅಂತ, ಮೇಡಂ. ಸಾಫ್ಟ್‌ವೇರ್ ಬದಲಾಯಿಸಿದ್ವಿ.”

“ನೆಲ ನೋಡಿದ್ರಾ?”

“ನೆಲ ನಮ್ಮ ವಿಭಾಗಕ್ಕೆ ಬರಲ್ಲ, ಮೇಡಂ.”

ಅಜ್ಜ ಮಲಗಿದಲ್ಲಿಂದಲೇ ಹೆಬ್ಬೆರಳು ತೋರುಬೆರಳ ನಡುವೆ ಚೂರು ಸಂದಿ ಬಿಟ್ಟು ತೋರಿಸಿದರು. “ಆ ಚಕ್ರದಡಿ ಇಷ್ಟು ದಪ್ಪಕ್ಕೆ ಏನಾದರೂ ಕೊಡಿ. ಸಾಕು.”

ಕಂಪನಿಯವನು ಹೌಹಾರಿದ. “ಚಕ್ರದಡಿ ಏನಾದ್ರೂ ಇಟ್ಟರೆ ವಾರಂಟಿ ಹೋಗುತ್ತೆ!”

“ಎರಡು ವರ್ಷ ಇವನ ಕಾಲು ಇಟ್ಟಿದ್ದೀವಲ್ಲ?”

“ಕಾಲಿನ ಬಗ್ಗೆ ಏನೂ ಬರೆದಿಲ್ಲ, ಮೇಡಂ.”

ಡಾಕ್ಟ್ರಮ್ಮ ಅವನ ಕಂಕುಳಲ್ಲಿದ್ದ ಬಣ್ಣದ ಪುಸ್ತಿಕೆಯನ್ನು ತೆಗೆದುಕೊಂಡು ಕೆಲಸದವನಿಗೆ ಕೊಟ್ಟರು. ಅವನು ಅದನ್ನು ಮಡಿಸಿ, ಶುದ್ಧ ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚಕ್ರದಡಿಗೆ ತುರುಕಿದ.

“ಜಾಸ್ತಿ ಆಯ್ತು,” ಎಂದರು ಅಜ್ಜ. “ಒಂದು ಮಡಿಕೆ ಬಿಚ್ಚು. ಹಾಂ. ಈಗ ಕಾಲು ತೆಗಿ.”

ಕೆಲಸದವನು ಹೆದರುತ್ತಾ ಕಾಲು ತೆಗೆದ. ಯಂತ್ರ ಅಲುಗಲಿಲ್ಲ. ಅರ್ಧ ಮಿಲಿಮೀಟರ್ ಕೂಡ ತಪ್ಪದೆಂದು ಹನ್ನೊಂದು ಸಲ ಹೇಳಿದ್ದ ಪುಸ್ತಿಕೆ ಅಂದು ಮೊದಲ ಬಾರಿಗೆ ತನ್ನ ಮಾತು ಉಳಿಸಿಕೊಂಡಿತು.

ಮಂಡಿ ನೆಟ್ಟಗೆ ಕೂತಿತು. ಕಂಪನಿಯವರು ಆ ದಿನದ ಫೋಟೋ ಎಲ್ಲೆಡೆ ಹಾಕಿಕೊಂಡರು, ಚಕ್ರ ಕಾಣದಂತೆ ಕೆಳಗೆ ಕತ್ತರಿಸಿ.

ಮೂರು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಡಾಕ್ಟ್ರಮ್ಮ ನೆಲಕ್ಕೆ ಮೆತ್ತನೆಯ ದಿಂಬು ಹಾಕಿದರು. “ಮಂಚ ಹಿಡ್ಕೊಂಡು ನಿಧಾನಕ್ಕೆ ಮಂಡಿಯೂರಿ ನೋಡೋಣ, ಅಜ್ಜ. ನೋವಾದರೆ ಅಲ್ಲಿಗೇ ಬಿಡಿ.”

ಅಜ್ಜ ಊರಿದರು. ನೋಯಲಿಲ್ಲ. ತಲೆ ಬಗ್ಗಿತು. ಅಜ್ಜಿಯ ಕಣ್ಣು ತುಂಬಿತು. ಇಷ್ಟು ವರ್ಷ ಕಾದ ದೇವರಿಗೆ ಮನುಷ್ಯ ಕೊನೆಗೂ ಸಿಕ್ಕಿದನಲ್ಲ ಎಂದು ಡಾಕ್ಟ್ರಮ್ಮನೂ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಎಷ್ಟೋ ಹೊತ್ತು ಅಜ್ಜ ಏಳಲಿಲ್ಲ. ಆಮೇಲೆ ಅವರ ಬಲಗೈ ಮೆಲ್ಲನೆ ಸರಿದು, ಬೆರಳ ಗೆಣ್ಣಿನಿಂದ ನೆಲವನ್ನು ಎರಡು ಸಲ ಬಡಿಯಿತು.

“ಡಾಕ್ಟ್ರಮ್ಮ, ಇದು ಪೊಳ್ಳು. ಕೆಳಗೆ ಸಿಮೆಂಟೇ ತುಂಬಿಲ್ಲ. ಯಾರು ಹಾಕಿದ್ದು ಇದನ್ನ?”

“ರೀ, ಮೊದಲು ಕೈ ಮುಗೀರಿ!” ಎಂದು ಅಜ್ಜಿ ಗದರಿದಳು.

“ಮುಗೀತೀನಿ ಇರೆ,” ಎಂದು ಅಜ್ಜ ಪಕ್ಕದ ಟೈಲಿಗೆ ಕಿವಿ ಕೊಟ್ಟರು. “ಆ ದೇವರಿಗೂ ಕೆಲಸ ನೆಟ್ಟಗಿರಬೇಕು ಅಂತ ಇರಲ್ವಾ?”