ಕಚೇರಿಗೆ ಹೋದ ಮಳೆರಾಯ

ಮಧ್ಯಾಹ್ನ ಒಂದು ಗಂಟೆಯೊಳಗೆ ನೂರು ಸಹಿ ಬೇಕಿತ್ತು. ಹತ್ತೂವರೆಗೆ ಕಡೂರಿನ ಬಸ್ ನಿಲ್ದಾಣದ ಎದುರು ನಿಂತು ಸ್ಫೂರ್ತಿ ಜನರನ್ನು ಎಣಿಸಿದಳು. ಹದಿನಾಲ್ಕು. ಇನ್ನೊಮ್ಮೆ ಎಣಿಸಿದಳು. ಎಣಿಸಿದರೆ ಜನ ಹೆಚ್ಚುತ್ತಾರೆಯೇ? ಹದಿನಾಲ್ಕೇ. ಬಂದೇ ಬರುತ್ತೇವೆ ಎಂದಿದ್ದ ಅಜ್ಜಂಪುರದ ಇಪ್ಪತ್ತು ಜನರಲ್ಲಿ ಇಬ್ಬರು ಬಂದಿದ್ದರು, ಅವರಲ್ಲೊಬ್ಬನಿಗೆ ಜ್ವರ.

ವಿಷಯ ಇಷ್ಟು. ರಸ್ತೆ ಅಗಲ ಮಾಡಲು ಹಿರೇನಲ್ಲೂರು ದಾರಿಯ ಅರವತ್ತೆರಡು ಹಳೇ ಹುಣಸೆ ಮರಗಳನ್ನು ಕಡಿಯುವುದೆಂದು ತೀರ್ಮಾನವಾಗಿತ್ತು. ಆಕ್ಷೇಪಣೆಗೆ ಇವತ್ತೇ ಕಡೇ ದಿನ. ಅರಣ್ಯ ಕಚೇರಿಯ ಅಧಿಕಾರಿ ಹೇಮಂತ್ ಒಂದೇ ಮಾತು ಹೇಳಿದ್ದರು: "ನೂರು ಜನ ಬಂದು ಸಹಿ ಹಾಕಿದ್ರೆ ಮರದ ಬುಡದಲ್ಲೇ ವಿಚಾರಣೆ ಇಡ್ತೀನಿ. ಅಲ್ಲೀವರೆಗೂ ಗರಗಸ ಮುಟ್ಟಿಸಲ್ಲ. ಇಲ್ಲಾಂದ್ರೆ ನಾಳೆ ಆರ್ಡರ್ ಹೋಗುತ್ತೆ."

ಕಾಲೇಜಿನಲ್ಲಿ ಪಾಠ ಹೇಳುವ ಸ್ಫೂರ್ತಿಗೆ ಆ ಮರಗಳೆಂದರೆ ಪ್ರಾಣ. ಹೈಸ್ಕೂಲಿಗೆ ಮೂರು ವರ್ಷ ಅವುಗಳ ನೆರಳಲ್ಲೇ ಸೈಕಲ್ ತುಳಿದವಳು. ಸರಿ, ಊರೆಲ್ಲ ಸುತ್ತಿ ಕಚೇರಿ ಮುಟ್ಟುವ ಹವಾಮಾನ ಜಾಥಾ ಮಾಡೇಬಿಡೋಣ ಎಂದು ಹೊರಟಳು. ಫಲಕ ಬರೆದುಕೊಟ್ಟವರು ಇತಿಹಾಸದ ಮೇಷ್ಟ್ರು ಮುರಳೀಕೃಷ್ಣ. ಅಕ್ಷರ ಮುತ್ತಿನಂಥದು, ಭಾಷೆ ಮಾತ್ರ ಕಬ್ಬಿಣದ ಕಡಲೆ. 'ಜಾಗತಿಕ ತಾಪಮಾನ ನಿಯಂತ್ರಣಕ್ಕೆ ಕಟಿಬದ್ಧರಾಗೋಣ.' ಓದಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿಹೋದೀತು. ಕಾಲೇಜಿನ ಹುಡುಗರು ಕುಂಬಳಕಾಯಿ ಗಾತ್ರದ ಮಣ್ಣಿನ ಭೂಗೋಳವೊಂದನ್ನು ಮಾಡಿ, ಮಣೆಯ ಮೇಲೆ ಕೂರಿಸಿ ತಂದಿದ್ದರು. ಕೈಯಲ್ಲಿ ಹಿಡಿದರೆ ರಟ್ಟೆ ಬಿದ್ದುಹೋಗುವಷ್ಟು ಭಾರ. ಸ್ಫೂರ್ತಿ ಟವೆಲ್ಲನ್ನು ಸಿಂಬಿ ಸುತ್ತಿ ಅದನ್ನು ತಲೆಯ ಮೇಲೆ ಹೊತ್ತಳು.

ಪೇಟೆಯಲ್ಲಿ ಯಾರೂ ಸೊಪ್ಪು ಹಾಕಲಿಲ್ಲ. ಘೋಷಣೆ ಕೂಗಿ ಕೂಗಿ ಗಂಟಲು ಒಡೆಯಿತು. ಅಂಗಡಿಯವರು ತಲೆಯೆತ್ತಿ ನೋಡಿ ಮತ್ತೆ ಮೊಬೈಲಿಗೆ ಬಗ್ಗಿದರು. ಸ್ಫೂರ್ತಿಗೆ ಅಳುವೇ ಬಂತು.

ಪೇಟೆ ದಾಟಿ ಒಳಬೀದಿಗೆ ತಿರುಗಿದಾಗ, ತಿಪ್ಪಮ್ಮ ಎಂಬ ಎಪ್ಪತ್ತರ ಮುದುಕಿ ಜಗಲಿಯಲ್ಲಿ ಹುರುಳಿ ಕೇರುತ್ತ ಕೂತಿದ್ದಳು. ಕಣ್ಣೆತ್ತಿ ನೋಡುತ್ತಾಳೆ: ತಲೆಯ ಮೇಲೆ ಮಣೆ, ಮಣೆಯ ಮೇಲೆ ಮಣ್ಣಿನ ಮುದ್ದೆ, ಹಿಂದೆ ಕೂಗಿಕೊಂಡು ಬರುವ ಹುಡುಗರ ದಂಡು. ಅವಳಿಗೆ ತಿಳಿದಂತೆ ಇದಕ್ಕಿರುವುದು ಒಂದೇ ಅರ್ಥ. ಮಳೆ ಕೈಕೊಟ್ಟಾಗ ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ ಹೀಗೆ ಮನೆಮನೆಗೆ ಹೊತ್ತು ತರುತ್ತಾರೆ, ಹೊತ್ತವರ ತಲೆಗೆ ಮನೆಯವರು ಕೊಡದಲ್ಲಿ ನೀರು ಸುರಿಯುತ್ತಾರೆ. ಲಕ್ಕವಳ್ಳಿ ಕಡೆ ಧೋ ಎಂದು ಹುಯ್ದ ಮಳೆ ಕಡೂರಿನ ಹೊತ್ತಿಗೆ ಕೈ ಒದರಿಕೊಂಡು ಹೋಗುವುದು ಇದ್ದದ್ದೇ. ಈ ಆಷಾಢದಲ್ಲಂತೂ ಒಂದು ಹನಿಯೂ ಬಿದ್ದಿರಲಿಲ್ಲ.

"ಲೇ ಈರಕ್ಕಾ, ಮಳೆರಾಯ ಬಂದವ್ನೆ ಕಣೇ. ಕೊಡ ತತ್ತಾ," ಎಂದು ತಿಪ್ಪಮ್ಮ ಎದುರುಮನೆಗೆ ಕೂಗಿದಳು.

"ಅಜ್ಜೀ, ಇದು..." ಎನ್ನುವಷ್ಟರಲ್ಲಿ ತುಂಬಿದ ಕೊಡ ಸ್ಫೂರ್ತಿಯ ತಲೆಯ ಮೇಲೆ ಬರಿದಾಯಿತು. ಆಫ್ರಿಕಾ ಕರಗಿ ಹೆಗಲಿಗೆ ಇಳಿಯಿತು. 'ಕಟಿಬದ್ಧರಾಗೋಣ' ನೀಲಿ ನೀರಾಗಿ ಮುರಳೀಕೃಷ್ಣರ ಬಿಳಿ ಅಂಗಿಗೆ ಹರಿಯಿತು. ಎರಡನೇ ಮನೆ, ಮೂರನೇ ಮನೆ, ಇಡೀ ಬೀದಿಯ ಬಾಗಿಲು ತೆರೆಯಿತು. ಯಾರೋ ತಟ್ಟೆ ಬಡಿದರು, ಯಾರೋ ಹಾಡು ಎತ್ತಿದರು, ಜ್ವರದ ಹುಡುಗನೂ ಕುಣಿಯತೊಡಗಿದ. ನೀರು ಸುರಿದ ಹೆಂಗಸರು ಕೊಡ ಸೊಂಟಕ್ಕಿಟ್ಟು ಹಿಂದೆಯೇ ಬಂದರು. ಬೀದಿಯ ಕೊನೆಗೆ ಐವತ್ತು ಜನ, ಕಚೇರಿಯ ಗೇಟಿನ ಹೊತ್ತಿಗೆ ಎಂಬತ್ತು. ಚಳಿಗೆ ನಡುಗುತ್ತ, ನಗುತ್ತ, ಸ್ಫೂರ್ತಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

"ಸುಮ್ನೆ ಇದ್ಬಿಡಿ ಮೇಡಂ," ಎಂದು ಮುರಳೀಕೃಷ್ಣ ಕಿವಿಯಲ್ಲಿ ಉಸುರಿದರು. "ಮಳೆರಾಯ ಅಂದ್ಕೊಂಡಿದ್ರೆ ಅಂದ್ಕೊಳ್ಲಿ. ಸಹಿ ಆದ್ಮೇಲೆ ಹೇಳಿದ್ರಾಯ್ತು."

ಹನ್ನೆರಡೂ ಕಾಲು. ಕಚೇರಿಯ ಅಂಗಳದಲ್ಲಿ ಹೇಮಂತ್ ಮತ್ತು ಗುಮಾಸ್ತ ಮೇಜು ಹಾಕಿ ಸಹಿಯ ಹಾಳೆ ಹರಡಿದ್ದರು. ತಿಪ್ಪಮ್ಮ ಪೆನ್ನು ಹಿಡಿದು ಕೇಳಿದಳು, "ಇದ್ಯಾಕವ್ವಾ, ಮಳೆರಾಯಂಗೂ ಸಹಿ ಬೇಕಾ?"

ಸುಳ್ಳು ಹೇಳಿದರೆ ಮರ ಉಳಿಯುತ್ತದೆ, ನಿಜ ಹೇಳಿದರೆ ಜನ ಹೋಗುತ್ತಾರೆ. ಆದರೂ ಈ ಮುದುಕಿಯ ಮುಖ ನೋಡಿ ಸುಳ್ಳು ಹೇಳಲು ಸ್ಫೂರ್ತಿಗೆ ನಾಲಿಗೆ ಏಳಲಿಲ್ಲ. "ತಪ್ಪಾಯ್ತು ಅಜ್ಜಿ. ಇದು ಮಳೆರಾಯ ಅಲ್ಲ, ಭೂಮಿ. ನಾವು ಮರ ಉಳಿಸೋಕೆ ಹೊರಟೋರು."

ತಟ್ಟೆಯ ಸದ್ದು ನಿಂತಿತು. ಈರಕ್ಕ ಕೊಡವನ್ನು ಠಣ್ಣನೆ ಕೆಳಗಿಟ್ಟಳು. "ವಾರಕ್ಕೊಂದ್ಸಲ ನಲ್ಲೀಲಿ ಬರೋ ನೀರು ಕಣವ್ವಾ ಅದು. ಎಲ್ಲಾ ದಂಡಾನಾ ಹಂಗಾದ್ರೆ?" ನಾಲ್ಕಾರು ಹೆಂಗಸರು ಆಗಲೇ ಮನೆಯ ಕಡೆ ಮುಖ ಮಾಡಿದರು.

"ಯಾವ ಮರ?" ಎಂದಳು ತಿಪ್ಪಮ್ಮ.

"ಹಿರೇನಲ್ಲೂರು ರಸ್ತೆ ಹುಣಸೆ ಮರ. ಅರವತ್ತೆರಡನ್ನೂ ಕಡೀತಾರಂತೆ."

ಮುದುಕಿ ಅಂಗೈ ಚಾಚಿ ತೋರಿಸಿದಳು. "ಆ ಮರಾನಾ? ಐವತ್ತು ವರ್ಷ ಆ ಹಣ್ಣು ಕುಟ್ಟಿದ ಕೈ ಕಣವ್ವಾ ಇದು. ರೇಷನ್ ಅಂಗಡಿ ಮಿಷನ್ನಿಗೆ ನನ್ ಹೆಬ್ಬೆಟ್ಟೇ ಸಿಗಲ್ಲ, ಅಷ್ಟು ಸವೆದೈತೆ. ನನ್ ಮಕ್ಳಿಗೆ ಜೋಲಿ ಕಟ್ಟಿದ್ದೂ ಆ ಕೊಂಬೆಗೇ." ಅವಳಿಗೆ ಸಿಟ್ಟು ಏರಿತು. "ಅಲ್ಲಾ, ಬೆಳಿಗ್ಗಿಂದ ಊರೆಲ್ಲಾ ಕೂಗ್ಕೊಂಡು ಬಂದ್ರಲ್ಲ, ಹುಣಸೆ ಮರ ಅನ್ನೋ ಒಂದ್ ಮಾತು ನಿಮ್ ಬಾಯಲ್ಲಿ ಬಂತಾ?"

ಬಂದಿರಲಿಲ್ಲ. ಒಂದು ಫಲಕದಲ್ಲೂ ಇರಲಿಲ್ಲ. ಸ್ಫೂರ್ತಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು.

"ಮಳೆರಾಯ ಅಂತ ಮನೆಗೊಬ್ರು ಬಂದಿದೀವಿ. ಮರಕ್ಕೆ ಅಂದಿದ್ರೆ ಮನೆಗೆ ಬೀಗ ಹಾಕ್ಕೊಂಡು ಬತ್ತಿದ್ವಿ," ಎಂದಳು ತಿಪ್ಪಮ್ಮ. ಹೋಗುತ್ತಿದ್ದ ಹೆಂಗಸರತ್ತ ತಿರುಗಿದಳು. "ಓಡ್ರೇ. ಮನೇಲಿರೋರನ್ನೆಲ್ಲಾ ಕರ್ಕೊಂಡ್ ಬನ್ನಿ."

ಓಡಿದರು. ಈರಕ್ಕ ಕೊಡ ಅಲ್ಲೇ ಬಿಟ್ಟು ಎಲ್ಲರಿಗಿಂತ ಮುಂದೆ ಓಡಿದಳು. ಹುಡುಗರು ಓಡಿದರು, ಮುರಳೀಕೃಷ್ಣ ಪಂಚೆ ಎತ್ತಿ ಕಟ್ಟಿ ಓಡಿದರು. ತಿಪ್ಪಮ್ಮ ಒಂದೊಂದೇ ಅಕ್ಷರ ಕೂಡಿಸಿ ಮೊದಲ ಸಹಿ ಹಾಕಿದಳು. ಅಡುಗೆ ಅರ್ಧಕ್ಕೆ ಬಿಟ್ಟವರು, ಆಟೋದವರು, ತಲೆಯೆತ್ತದಿದ್ದ ಅಂಗಡಿಯವರು, ಎಲ್ಲರೂ ಹುಣಸೆ ಮರ ಹುಣಸೆ ಮರ ಎನ್ನುತ್ತ ನುಗ್ಗಿ ಬಂದರು. ಹಾಳೆ ಸಾಲದೆ ಗುಮಾಸ್ತ ಎರಡು ಸಲ ಒಳಗೆ ಓಡಿದ.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಹೇಮಂತ್ ಎಣಿಸಿ ಎದ್ದು ನಿಂತರು. "ನೂರು ದಾಟ್ತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮರದ ಬುಡದಲ್ಲೇ ವಿಚಾರಣೆ." ಸ್ಫೂರ್ತಿ ಒದ್ದೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತೇಬಿಟ್ಟಳು. ಸಾಲು ಇನ್ನೂ ರಸ್ತೆಯವರೆಗೂ ಇತ್ತು. ಹೇಮಂತ್ ಹಾಳೆಗಳನ್ನು ಜೋಡಿಸುತ್ತ, "ಸಾಕು, ಇನ್ನು ಮನೆಗೆ ಹೋಗಿ," ಎಂದರು.

ಮಗ, ಸೊಸೆ, ಮೊಮ್ಮಗಳನ್ನು ಎಳೆದುಕೊಂಡು ಏದುಸಿರು ಬಿಡುತ್ತ ಬಂದ ಈರಕ್ಕ ಮೇಜಿಗೆ ಅಡ್ಡ ನಿಂತಳು. "ನಿಮಗೆ ಸಾಕು ಸ್ವಾಮಿ," ಎಂದಳು. "ನನ್ ಸಹಿ ಇನ್ನೂ ಆಗಿಲ್ಲ."